ಖೋ ಕೊಟ್ಟೂ ಕೂರದವಳು

"ಆ ಬಾಕ್ಸ್ ಲಾರಿಗೆ ಏರಿಸ್ಬೇಡಿ!"

ವಿಮಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಗರುಡಾಚಾರ್‌ಪಾಳ್ಯದ ಸ್ವಿಚ್‌ಬೋರ್ಡ್ ಫ್ಯಾಕ್ಟರಿಯಲ್ಲಿ ಅವಳು ಟೀಮ್ ಲೀಡರ್ ಆಗಿ ಇನ್ನೂ ತಿಂಗಳೂ ತುಂಬಿಲ್ಲ. ಎಲ್ಲರೆದುರು ಹೀಗೆ ಅಡ್ಡಗಟ್ಟುವವನು ಯಾರು?

ಮುನಿರಾಜ್! ಆ ವಾರವಷ್ಟೇ ಕ್ವಾಲಿಟಿ ವಿಭಾಗಕ್ಕೆ ಬಂದ, ಅದೇ ಪಾಳ್ಯದ ಹುಡುಗ. ಕಬಡ್ಡಿ ಆಡಿ ಗಟ್ಟಿಯಾದ ಭುಜ... ಅಯ್ಯೋ, ಕೋಪದಲ್ಲೂ ಈ ಹಾಳು ಕಣ್ಣು ಅತ್ತಲೇ ಹೋಗಬೇಕೇ!

"ಸ್ಕ್ರೂ ಸಡಿಲ ಇದೆ ಮೇಡಂ."

"ಒಂದೊಂದನ್ನೂ ನಾನೇ ನೋಡೀನ್ರೀ!"

"ತಪ್ಪಾಗಿರೋದೇ ಅಲ್ಲಿ," ಎಂದ ಮೆಲ್ಲಗೆ.

ಸಂಜೆ ಮ್ಯಾನೇಜರ್ ಕರೆದರು. "ಮುನಿರಾಜ್ ಬಂದು ಮಾತಾಡಿದ್ರು. ನಾಳೆ ಸಂಜೆಯೊಳಗೆ ಮಾಲು ಸರಿಯಾಗಿ ಹೋಗ್ಬೇಕು. ಇಲ್ಲಾಂದ್ರೆ ಲೀಡರ್ ಬದಲಾಯಿಸ್ತೀನಿ."

'ಚಾಡಿ ಹೇಳಿಬಿಟ್ಟನಲ್ಲ!' ಅವಳಿಗೆ ಅಳುವೇ ಬಂತು.

ಮರುದಿನ ಟೀ ಹೊತ್ತಿಗೆ ಅವನನ್ನು ಹಿಡಿದು ನಿಲ್ಲಿಸಿದಳು. "ಚಾಡಿ ಹೇಳಿ ಸಮಾಧಾನ ಆತೇನ್ರೀ?"

ಅವನು ಸಿಟ್ಟಾಗಲಿಲ್ಲ. "ನೀವು ದಾವಣಗೆರೆಲಿ ಖೋ-ಖೋ ಕ್ಯಾಪ್ಟನ್ ಆಗಿದ್ರಂತೆ. ಖೋ ಕೊಟ್ಟ ಮೇಲೆ ಏನ್ಮಾಡ್ತಿದ್ರಿ?"

"ಎದ್ದೋಳ ಜಾಗದಾಗೆ ಕೂರ್ತಿದ್ವಿ. ಸಣ್ಣ ಮಕ್ಕಳಿಗೂ ಗೊತ್ತದು!"

"ಇಲ್ಲಿ ಕೂರ್ತಾನೇ ಇಲ್ವಲ್ಲ ನೀವು! ಶಕೀಲಾಗೆ ಕೆಲಸ ಕೊಡ್ತೀರಾ, ಹಿಂದೇನೇ ನೀವೂ ಓಡ್ತೀರಾ. ಹೆಂಗೂ ನೀವು ಬಿಗಿ ಮಾಡ್ತೀರಲ್ಲ ಅಂತ ಎಲ್ಲರೂ ಸ್ಕ್ರೂನ ಅರ್ಧಕ್ಕೇ ಬಿಡ್ತಾರೆ. ಒಬ್ಬರೇ ಎಷ್ಟೂಂತ ನೋಡ್ತೀರಾ?"

ಅಲ್ಲೇ ಲೈನಿನಲ್ಲಿ ವೈರ್ ಜೋಡಿಸುತ್ತಿದ್ದ ಶಕೀಲಾ ತಲೆ ತಗ್ಗಿಸಿದಳು. "ಹೌದಕ್ಕಾ... ನಾವು ಮಾಡಿದ್ದನ್ನ ನೀವು ನಂಬೋದೇ ಇಲ್ವಲ್ಲ."

ಆ ಮಾತು ಎದೆಗೇ ನಾಟಿತು. ಆಟದಲ್ಲಿ ಬೆನ್ನ ಹಿಂದಿನವರನ್ನು ಕಣ್ಮುಚ್ಚಿ ನಂಬುತ್ತಿದ್ದವಳು ತಾನೇನಾ?

ಅವಳು ಸ್ಕ್ರೂಡ್ರೈವರನ್ನು ಶಕೀಲಾಳ ಕೈಗಿಟ್ಟಳು. "ಸ್ಕ್ರೂ ಬಿಗಿ ಆಗೇತೋ ಇಲ್ಲೋ, ಕೊನೇ ಮಾತು ನಿಂದೇ ಕಣೇ. ನಾನು ಮತ್ತೆ ನೋಡಂಗಿಲ್ಲ." ಶಕೀಲಾಳ ಜಾಗದಲ್ಲಿ ಕುಳಿತು ವೈರ್ ಜೋಡಿಸತೊಡಗಿದಳು. ಎದ್ದು ಹೋಗಲು ಕಾಲು ತುಡಿಯುತ್ತಿತ್ತು. ಆದರೂ ಏಳಲಿಲ್ಲ.

ಸಂಜೆ ಮುನಿರಾಜ್ ಪ್ರತಿ ಬಾಕ್ಸ್ ತೆರೆದು ನೋಡಿದ. ಒಂದು ಸ್ಕ್ರೂ ಕೂಡ ಅಲುಗಲಿಲ್ಲ! ಲಾರಿ ಹೊರಟಿತು, ಹುಡುಗಿಯರು ಕೇಕೆ ಹಾಕಿದರು.

ಮ್ಯಾನೇಜರ್ ನಕ್ಕರು. "ನಿನ್ನೆ ಸಂಜೆನೇ ನಿಮ್ಮನ್ನ ತೆಗೀಬೇಕು ಅಂತಿದ್ದೆ. ಒಂದು ದಿನ ಕೊಡಿ ಸಾರ್, ಅವರು ಗೆಲ್ಲಿಸ್ತಾರೆ ಅಂತ ಆ ಮುನಿರಾಜ್ ಹಠ ಹಿಡಿದ್ಬಿಟ್ಟ."

ಮನೆಗೆ ಹೊರಟಿದ್ದ ಅವನನ್ನು ಹಿಡಿಯಲು ಅವಳು ಗೇಟಿನವರೆಗೂ ಓಡಿದಳು.

"ಯಾಕ್ರೀ ಹೇಳ್ಲಿಲ್ಲ ನೀವು?"

"ಹೇಳಿದ್ರೆ... ಉಪಕಾರಕ್ಕೋಸ್ಕರ ನನ್ನ ಇಷ್ಟ ಪಟ್ಬಿಡ್ತೀರೇನೋ ಅಂತ ಭಯ."

"ಇಷ್ಟ ಪಡ್ತೀನಿ ಅಂತ ಯಾರು ಹೇಳಿದ್ರು ನಿಮಗೆ?"

ಪಾಪ, ಅವನ ಮುಖ ಸಪ್ಪಗಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. "ನಿಮಗೆ ಬೈಯುವಾಗ್ಲೇ ಇಷ್ಟ ಆಗಿದ್ರಿ ಕಣ್ರೀ! ನಿಮ್ಮಮ್ಮಂಗೆ ಯಾವಾಗ ತೋರಿಸ್ತೀರಿ ನನ್ನ?"

"ಈಗ್ಲೇ! ಮನೆ ಇಲ್ಲೇ ಹಿಂದಿನ ಬೀದಿ."

ದಾರಿಯಲ್ಲಿ ಅವನು ಎರಡು ಮೊಳ ಮಲ್ಲಿಗೆ ಕೊಂಡ.

"ಎರಡು ಯಾಕೆ?"

"ಒಂದು ಅಮ್ಮಂಗೆ."

"ಇನ್ನೊಂದು?"

"ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ... ಹೇಳ್ತೀನಿ."