ಮಗ್ಗಲು ಬದಲಿಸಿದ ಬಾಟಲಿ

ಸುತ್ತಿದ್ದ ಗೋಣಿ ಬಿಚ್ಚಿದಾಗ ವೈನ್ ಬಾಟಲಿಯ ಚೀಟಿ ಕೆಳಮುಖವಾಗಿತ್ತು.

ಭುವನಾ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಬೇಸಿಗೆಯಲ್ಲಿ ತಾನೇ ಮಲಗಿಸಿಟ್ಟಾಗ ಚೀಟಿ ಮೇಲಿತ್ತು.

"ಇದನ್ನ ಯಾರ ಮುಟ್ಟ್ಯಾರ್ರಿ?"

"ನಾನ," ಎಂದ ಮೈಲೇಶ, ಶಹಬ್ಬಾಸ್‌ಗಿರಿಗೆ ಕಾದವನಂತೆ. "ಹದಿನೈದು ದಿನಕ್ಕೊಮ್ಮೆ ಮಗ್ಗಲಾ ಹೊರಳಿಸೇನ್ರಿ, ಮೇಡಮ್. ಒಂದ ಸಲಾನೂ ತಪ್ಪಿಸಿಲ್ಲ."

ಬ್ಯಾಡಗಿಯ ಅಂಚಿನ ಆ ಕೋಲ್ಡ್ ಸ್ಟೋರೇಜ್ ಮೈಲೇಶನ ಮನೆತನದ್ದು. ಮೆಣಸಿನಕಾಯಿ ಚೀಲಗಳನ್ನು ಅಲ್ಲಿ ಆಗಾಗ ಹೊರಳಿಸಿ ಇಡುತ್ತಾರೆ. ಇಲ್ಲದಿದ್ದರೆ ಅಡಿಯಲ್ಲಿದ್ದದ್ದು ಅದುಮಿಹೋಗಿ ತೇವ ಹಿಡಿಯುತ್ತದೆ. ಚೀಲಕ್ಕೆ ಒಳ್ಳೆಯದಾದದ್ದು ಬಾಟಲಿಗೂ ಒಳ್ಳೆಯದು ಎಂದು ಅವನ ಲೆಕ್ಕ.

ಆಕೆ ಬಾಟಲಿಯನ್ನು ಟ್ಯೂಬ್ ಲೈಟಿಗೆ ಹಿಡಿದಳು. ಒಂದು ಮಗ್ಗುಲಿಗೆ ತೆಳ್ಳಗೆ ಗೆರೆಯಾಗಿ ಕೂರಬೇಕಿದ್ದ ಗಸಿ ಇಡೀ ವೈನಿನಲ್ಲಿ ತೇಲುತ್ತಿತ್ತು.

"ಇದು ಮೆಣಸಿನಕಾಯಿ ಅಲ್ರಿ, ಮೈಲೇಶ ಅವರ."

"ಗೊತ್ತೈತ್ರಿ. ಮೆಣಸಿನಕಾಯಿಗಿಂತ ನಾಜೂಕ ಅಂತನ ನಾ ಸ್ವತಃ ಹೊರಳಿಸಿದ್ದು."

ಭುವನಾಳಿಗೆ ಸಿಟ್ಟು ಬಂತು. ಅದರ ಹಿಂದೆಯೇ ನಗು ಬಂತು. ಎರಡನ್ನೂ ತಡೆದುಕೊಂಡು ಚೀಲಗಳ ಮೇಲೆ ಕೂತಳು.

ಮೆಣಸಿನಕಾಯಿಯಿಂದ ಕೆಂಪು ಬಣ್ಣ ತೆಗೆಯುವ ಕಾರ್ಖಾನೆಯ ಲ್ಯಾಬಿನಲ್ಲಿ ಆಕೆ ಕೆಮಿಸ್ಟ್. ಬಣ್ಣ ಕೊಳ್ಳಲು ಬರುತ್ತಿದ್ದ ಫ್ರಾನ್ಸಿನ ಹಿರಿಯರೊಬ್ಬರು, ತಮಗೆ ನಷ್ಟವಾಗಲಿದ್ದ ಒಂದು ತಪ್ಪು ಅಳತೆಯನ್ನು ಆಕೆ ತಾನಾಗಿ ತಿದ್ದಿದ್ದಕ್ಕೆ ಮೆಚ್ಚಿ ಈ ಬಾಟಲಿ ಕೊಟ್ಟಿದ್ದರು. ಎಂಟುನೂರು ವರ್ಷಗಳ ಹಿಂದೆ ಅಲ್ಲಿಯ ಸನ್ಯಾಸಿಗಳು ಸುತ್ತ ಕಲ್ಲಿನ ಗೋಡೆ ಎತ್ತಿ ಬೆಳೆಸಿದ ದ್ರಾಕ್ಷಿ ತೋಟದ ವೈನ್ ಅದು. ಆಕೆ ಹುಟ್ಟಿದ ವರ್ಷದ ಸುಗ್ಗಿಯದು.

ಮನೆಗೆ ಒಯ್ಯುವಂತಿರಲಿಲ್ಲ. ಅಪ್ಪ ನಿಜಲಿಂಗಪ್ಪ ಕೆಮ್ಮಿನ ಔಷಧಿಯಲ್ಲೂ ಆಲ್ಕೋಹಾಲ್ ಎಷ್ಟಿದೆ ಎಂದು ಓದಿಯೇ ಮುಚ್ಚಳ ತೆಗೆಯುವವರು. ಕತ್ತಲೆ ಬೇಕು, ಹದಿಮೂರು ಡಿಗ್ರಿಯ ತಂಪು ಬೇಕು. ಬ್ಯಾಡಗಿಯಲ್ಲಿ ಅಂಥ ಜಾಗ ಎಲ್ಲಿದೆ ಎಂದು ಬಹಳ ಹುಡುಕಬೇಕಾಗಲಿಲ್ಲ.

"ಅಲ್ಲಿ ಸ್ವಾಮಿಗಳು ಇಂಥಾದ್ದು ಮಾಡ್ತಾರೇನ್ರಿ?" ಎಂದು ಮೈಲೇಶ ಅವತ್ತು ಕೇಳಿದ್ದ. ಕಣ್ಣಲ್ಲಿ ಮಾತ್ರ ನಗುವ ಅಭ್ಯಾಸ ಅವನದು. ದೊಡ್ಡ ಕೋಣೆ ತೀರಾ ತಣ್ಣಗಿದ್ದದ್ದರಿಂದ ಅದರ ಮುಂದಿನ ಚಿಕ್ಕ ಕೋಣೆಯಲ್ಲಿ ಜಾಗ ಮಾಡಿಕೊಟ್ಟಿದ್ದ.

ಅಂದಿನಿಂದ ಪ್ರತಿ ಗುರುವಾರ ಭುವನಾ ಥರ್ಮಾಮೀಟರ್ ನೋಡಲು ಬರುತ್ತಿದ್ದಳು. ಥರ್ಮಾಮೀಟರ್ ನೋಡಲು ಎಷ್ಟು ಹೊತ್ತು ಬೇಕು? ಉಳಿದ ಹೊತ್ತು ಚಹಾಕ್ಕೆ ಹೋಗುತ್ತಿತ್ತು. ಗ್ಲಾಸು ಕೊಡುವಾಗ ತನ್ನ ಬೆರಳು ಆಕೆಯ ಬೆರಳಿಗೆ ತಾಗದಂತೆ ಅವನು ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ, ಆ ಜೋಪಾನವೇ ಎದೆಗೆ ತಾಗುತ್ತಿತ್ತು.

ಈಗ ಹೊಸ ಕಾಯಿ ಬರುವ ಹೊತ್ತು. ಸ್ಟೋರೇಜ್ ಖಾಲಿಯಾಗುತ್ತಿತ್ತು. ನಾಳೆ ಮಷೀನು ನಿಲ್ಲಿಸಿ ತೊಳೆಯುತ್ತಾರೆ. ಅತ್ತ ಕಂಪನಿ ಆಕೆಯನ್ನು ಕೊಚ್ಚಿಯ ದೊಡ್ಡ ಲ್ಯಾಬಿಗೆ ಕರೆದಿತ್ತು. ಅಲ್ಲೇ ಕಾಯಂ ಇರುತ್ತೀರೋ, ಆರು ತಿಂಗಳು ಕಲಿತು ಬ್ಯಾಡಗಿಗೆ ಮರಳುತ್ತೀರೋ ಎಂದು ಮ್ಯಾನೇಜರ್ ಕೇಳಿದ್ದರು. ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಮರಳಲು ಒಂದು ಕಾರಣ ಬೇಕು. ಕಾರಣ ಎದುರಿಗೇ ನಿಂತಿತ್ತು, ಬಾಯಿ ಬಿಡುತ್ತಿರಲಿಲ್ಲ.

"ಕೆಟ್ಟ ಹೋತೇನ್ರಿ, ಮೇಡಮ್?" ಮೈಲೇಶನ ದನಿ ಇಳಿದಿತ್ತು.

"ನೀವು ಚೀಲ ಇಲ್ಲಿಡೂದು ಬಣ್ಣ ಹೆಂಗಿತ್ತ ಹಂಗ ಇರಲಿ ಅಂತ. ಇದನ್ನ ಇಡೂದು ಬದಲಾಗಲಿ ಅಂತ. ಎಳೇದಿದ್ದಾಗ ಬರೇ ಒಗರು. ವರ್ಷ ಹೋದಂಗ ಆ ಒಗರು ಒಂದಕ್ಕೊಂದು ಹಿಡಕೊಂಡು ತಳಕ್ಕ ಕುಂದರತೈತಿ. ಮ್ಯಾಲೆ ಉಳಿಯೂದು ಮೆತ್ತಗ. ಯಾರೂ ಅಲ್ಲಾಡಸಬಾರದು, ಅಷ್ಟ."

"ನಾ ಅದನ್ನ ಕುಂದ್ರಾಕ ಬಿಡಲಿಲ್ಲ."

"ಹದಿನೈದು ದಿನಕ್ಕೊಮ್ಮೆ ಎಬ್ಬಿಸೀರಿ. ತಪ್ಪಸದ."

ಬಾಗಿಲಲ್ಲಿ ನಗು ಕೇಳಿಸಿತು. ಅಂಗಳದಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಹಿರಿಯಳು ಸಕೀನಾಬಿ, ಖಾಲಿ ಚೀಲ ಒಯ್ಯಲು ಬಂದವಳು, ಎಲ್ಲ ಕೇಳಿಸಿಕೊಂಡಿದ್ದಳು.

"ಹೊರಳಸೂದು ಅಷ್ಟ ಅಲ್ಲ ತಂಗಿ," ಎಂದಳು. "ಕೂಸಿನಂಗ ಮಾತಾಡಸ್ತಾನ. ಮನ್ನೆ ಅದಕ್ಕ ಶಾಲ ಹೊಚ್ಚಾಕತ್ತಿದ್ದ. ನಮಗ ಥಂಡಿ ಅಂದ್ರ ಬಿಸಲಿಗೆ ಕುಂದ್ರಿ ಅಂತಾನ."

"ಸಕೀನಕ್ಕಾ, ಅಲ್ಲಿ ಲಾರಿ ಬಂದೈತಿ ನೋಡು."

"ಲಾರಿ ಸುಮ್ನ ನಿಂತೈತಿ. ನೀನೂ ಹಂಗ ನಿಂತೀ," ಎಂದು ಆಕೆ ಚೀಲಗಳನ್ನು ಬಗಲಿಗೇರಿಸಿ ಹೊರಟುಹೋದಳು.



"ಖರೇನ?" ಭುವನಾ ಕೇಳಿದಳು.

"ಶಾಲಿಂದು ಸುಳ್ಳ. ಅದು ಸ್ವೆಟರ್."

ಆಕೆ ನಗಲಿಲ್ಲ. ನೋಡುತ್ತಲೇ ಇದ್ದಳು. ಲ್ಯಾಬಿನಲ್ಲಿ ಬಣ್ಣ ಏರುವುದನ್ನು ನೋಡುವ ಹಾಗೆ ಅವನ ಕಿವಿಯ ತುದಿ ಕೆಂಪಾಗುವುದನ್ನು ನೋಡಿದಳು.

"ಚೀಲ ಹೊರಳಸಾಕ ಹಮಾಲರದಾರ," ಎಂದ ಮೈಲೇಶ, ಬಾಟಲಿಯ ಕಡೆ ನೋಡುತ್ತ. "ಇಲ್ಲಿಗೆ ನಾನ ಬರ್ತಿದ್ದೆ. ನೀವು ಚಾ ಕುಡದು ಹೋದ ಮ್ಯಾಲೆ ಇಲ್ಲಿ ನಿಂತ್ರ ನೀವು ಇನ್ನೂ ಹೋಗಿಲ್ಲ ಅನಸ್ತಿತ್ತು. ಕೆಲಸಾ ಇಲ್ಲದ ನಿಲ್ಲಾಕ ನನಗ ನಾಚಿಕಿ. ಅದಕ್ಕ ಹೊರಳಸ್ತಿದ್ದೆ."

ಭುವನಾ ಚೀಲಗಳ ಮೇಲಿಂದ ಎದ್ದಳು.

"ಇದನ್ನ ಇಷ್ಟ ದಿನ ಹೇಳಾಕ ಏನಾಗಿತ್ರಿ?"

"ಕೊಚ್ಚಿಗೆ ಹೊಂಟೀರಿ ಅಂದ್ರು. ದೊಡ್ಡ ಲ್ಯಾಬು. ನಾ ಅಡ್ಡ ಬರಬಾರದು ಅಂತ."

"ಅಡ್ಡ ಬರ್ರಿ ಅಂತ ನಾ ಅಂದಿಲ್ಲ. ಏನರ ಹೇಳ್ರಿ ಅಂತ ಕಾದೇನಿ."

"ಈಗ ಹೇಳಿದೆನಲ್ರಿ."

"ಬಾಟ್ಲಿ ಹೊರಳಿಸಿದ್ದು ಹೇಳೀರಿ."

ಮೈಲೇಶ ಉಸಿರು ತೆಗೆದುಕೊಂಡ. ಬಾಟಲಿಯಿಂದ ಕಣ್ಣು ಕಿತ್ತು ಆಕೆಯನ್ನೇ ನೋಡಿದ.

"ಹೋಗ್ರಿ, ಕಲೀರಿ. ಆದ್ರ ಹೊಳ್ಳಿ ಬರ್ರಿ. ನೀವಂದ್ರ ನನಗ ಭಾಳ ಜೀವ, ಭುವನಾ."

ಮೇಡಮ್ ಎಂಬುದು ಬಿಟ್ಟುಹೋಗಿತ್ತು. ಬಿಟ್ಟದ್ದು ಗೊತ್ತಾಗಿ ಅವನು ಗಾಬರಿಯಾದ. ಆಕೆ ಅದನ್ನು ಮತ್ತೆ ಸೇರಿಸಲು ಅವನಿಗೆ ಅವಕಾಶ ಕೊಡಲಿಲ್ಲ.

"ಪಕ್ಕಡ ಐತೇನ್ರಿ? ಒಂದು ಉದ್ದನ ಸ್ಕ್ರೂ?"

"ಯಾಕ್ರಿ?"

"ನಾಳೆಯಿಂದ ಇಲ್ಲಿ ತಂಪಿರೂದಿಲ್ಲ. ಗಸಿ ಕುಂದ್ರಾಕ ವಾರಗಟ್ಟಲೆ ಬೇಕು. ಇವತ್ತ ತಗಿಯೂಣು."

ಬಾಟಲಿಯ ಬಿರಡೆಗೆ ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಹಿಡಿದು ಅವನು ಎಳೆದ. ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧವನ್ನು ಮತ್ತೆ ಸ್ಕ್ರೂ ಹಾಕಿ ತೆಗೆದ. ಭುವನಾ ಬ್ಯಾಗಿನಿಂದ ಲ್ಯಾಬಿನ ಫಿಲ್ಟರ್ ಪೇಪರ್ ತೆಗೆದು, ಆಲಿಕೆಯಾಗಿ ಮಡಚಿ, ಸ್ಟೀಲಿನ ಗ್ಲಾಸಿನ ಮೇಲೆ ಹಿಡಿದಳು. ವೈನ್ ಹನಿಹನಿಯಾಗಿ ಇಳಿಯಿತು. ಹಸಿ ಕೆಂಪು ಎಂದೋ ಹೋಗಿ, ಹಳೆಯ ಇಟ್ಟಂಗಿಯ ಬಣ್ಣ ಬಂದಿತ್ತು.

ಇಬ್ಬರೂ ಹಿಂದೆಂದೂ ಕುಡಿದವರಲ್ಲ. ಮೈಲೇಶ ಒಂದು ಗುಟುಕು ನುಂಗಿ ಮುಖ ಕಿವುಚಿದ.

"ಹೆಂಗೈತ್ರಿ?"

"ನಮ್ಮವ್ವನ ಕಷಾಯ."

ಈಗ ಭುವನಾ ನಕ್ಕಳು, ಗ್ಲಾಸು ಕೆಳಗಿಟ್ಟು ಕಣ್ಣೊರೆಸಿಕೊಳ್ಳುವಷ್ಟು. ಆಮೇಲೆ ತನ್ನ ಗುಟುಕು ತೆಗೆದುಕೊಂಡು ಬಾಯಲ್ಲೇ ಇಟ್ಟುಕೊಂಡಳು. ಮೊದಲು ಒಣಗಿದ ಗುಲಾಬಿ. ಆಮೇಲೆ ನೇರಳೆ ಹಣ್ಣು. ತುಂಬ ತಡವಾಗಿ, ಆಗಷ್ಟೇ ಉತ್ತ ಎರೆ ಹೊಲದ ವಾಸನೆ. ಇಷ್ಟು ವರ್ಷ ಯಾರ ಅವಸರಕ್ಕೂ ಸಿಗದೆ ಮೆತ್ತಗಾದ ರುಚಿ. ನಾಲಿಗೆಯ ತುದಿಯಲ್ಲಿ ಸಣ್ಣದೊಂದು ಒಗರು ಉಳಿಯಿತು. ಅದು ಮೈಲೇಶ ಎಬ್ಬಿಸಿದ್ದು. ಅದಿಲ್ಲದಿದ್ದರೆ ಏನೋ ಕಡಿಮೆಯಾಗುತ್ತಿತ್ತು ಎನಿಸಿತು ಆಕೆಗೆ.

ಅಲ್ಲೇ ನಿಂತು ಫೋನ್ ತೆಗೆದಳು.

"ಸರ್, ಭುವನಾ ಮಾತಾಡ್ತಿದೀನಿ. ಆರು ತಿಂಗಳು ಸಾಕು ಸರ್. ವಾಪಸ್ ಬರ್ತೀನಿ. ಇಲ್ಲ ಸರ್, ಲ್ಯಾಬಲ್ಲಿ ಏನೂ ತೊಂದರೆ ಇಲ್ಲ. ಇಲ್ಲಿ ಸ್ವಲ್ಪ ಕೆಲಸ ಇದೆ."

ಫೋನ್ ಇಟ್ಟು ತಿರುಗಿದಾಗ ಮೈಲೇಶನೂ ತನ್ನ ಫೋನಿನಲ್ಲಿ ಮುಳುಗಿದ್ದ.

"ಏನ ನೋಡಾಕತ್ತೀರಿ?"

"ರಾಣೇಬೆನ್ನೂರಿಂದ ಕೊಚ್ಚಿಗೆ ಸೀದಾ ರೈಲ ಐತೇನ ಅಂತ."

"ನಾ ಸೋಮವಾರ ಹೋಗಾಕಿ. ನನ್ನ ಟಿಕೀಟ ಕಂಪನಿಯವರು ಮಾಡ್ಯಾರ."

"ನಿಮಗಲ್ರಿ," ಎಂದ ಅವನು, ತಲೆ ಎತ್ತದೆ. "ಅದರ ಮುಂದಿನ ಶನಿವಾರಕ್ಕ, ನನಗ."