ಬ್ಯಾಟರಿಯ ಕೆಳಗಿನ ಇರುವೆಗಳು

ವಾಡಿಯ ರೈಲ್ವೆ ಗೇಟಿನ ಪಕ್ಕದ ಗ್ಯಾರೇಜಿನಲ್ಲಿ ಅವನು ನನಗೆ ಮೂರು ಪ್ರಶ್ನೆ ಕೇಳಿದ. ಮೂರಕ್ಕೂ ನಾನು ಕಾರಿನ ಕೀಲಿ ಚಾಚಿದೆ.

ಗಾಡಿಗೆ ಏನಾಗುತ್ತದೆ, ಯಾವಾಗ ಆಗುತ್ತದೆ, ಎಷ್ಟು ದಿನದಿಂದ. ಎಲ್ಲ ನನಗೆ ಗೊತ್ತಿತ್ತು. ಗಂಟಲಿನ ತನಕ ಬಂದು ಅಲ್ಲೇ ಕುಳಿತುಕೊಂಡಿತು. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಹೋದ ಜೂನಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಕಡಿಮೆಯೂ ಹೋಯಿತು. ಅಳುವೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿದರೆ ಬೇರೆ ಯಾರದೋ ಅನ್ನಿಸುತ್ತದಲ್ಲ, ಹತ್ತು ತಿಂಗಳಿಂದ ನಾನು ಇಡಿಯಾಗಿ ಹಾಗೆ ಇದ್ದೆ.

ಗ್ಯಾರೇಜಿನ ಯಜಮಾನರು ಅಬ್ದುಲ್ ಕರೀಮ್ ಚಾಚಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

"ಅರುಣ, ಮೇಡಂ ಮಾತಾಡಂಗಿಲ್ಲ ಬಿಡು. ಗಾಡಿಗಿ ಕೇಬಲ್ ಹಚ್ಚು, ಅದಾದರ ಹೇಳ್ತದ."

ಅವನು ನಗಲಿಲ್ಲ. ಗ್ರೀಸಿನ ಕೈಯನ್ನು ಬಟ್ಟೆಗೆ ಎರಡು ಸಲ ಒರೆಸಿ, ನನ್ನ ಬೆರಳಿಗೆ ತಾಗದಂತೆ ಕೀಲಿಯ ತುದಿ ಹಿಡಿದು ತೆಗೆದುಕೊಂಡ. ಹೆಸರು ಅರುಣಕುಮಾರ, ನಾಲವಾರದವನು, ದಿನಾ ಮುಂಜಾನೆ ರೈಲಿಗೆ ಬಂದು ಕಾರುಗಳ ಇಲೆಕ್ಟ್ರಿಕ್ ಕೆಲಸ ಮಾಡುತ್ತಾನೆ ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ನೋಡಿದ್ದು ಆ ಕೈಗಳನ್ನಷ್ಟೇ.

ಸ್ಟೇರಿಂಗಿನ ಕೆಳಗೆ, ಗಾಡಿಯ ದೋಷ ಓದುವ ಸ್ಕ್ಯಾನರ್ ಜೋಡಿಸಿದ. ಅದರಲ್ಲಿ ಏನೂ ಬರಲಿಲ್ಲ. ಹಿಂದಿನ ವಾರ ನಮ್ಮೂರು ಚಿತ್ತಾಪುರದಲ್ಲಿ ಒಬ್ಬ ಮೆಕ್ಯಾನಿಕ್ ಬ್ಯಾಟರಿಯ ವೈರು ಬಿಚ್ಚಿ ಹಾಕಿದ್ದ, ಗಾಡಿಯೊಳಗೆ ಉಳಿದಿದ್ದ ದೋಷಗಳ ನೆನಪೆಲ್ಲ ಅಳಿಸಿಹೋಗಿತ್ತು. ಗೇರ್‌ಬಾಕ್ಸೇ ಹೋಗಿದೆ, ಮಾರಿಬಿಡಿ ಅಂದವನೂ ಅವನೇ. ಸುರೇಶ ಕಾಕಾ ಅದನ್ನು ನಂಬಿದರು. ಸಿಮೆಂಟ್ ಲಾರಿಗಳ ನಡುವೆ ಅಣ್ಣನ ಮಗಳ ಗಾಡಿ ನಿಂತುಬಿಟ್ಟರೆ ಏನು ಗತಿ ಎಂಬುದು ಅವರ ಅಂಜಿಕೆ. ಭಾನುವಾರ ಸೇಡಂನಿಂದ ಕೊಳ್ಳುವವರು ಬರುವವರಿದ್ದರು. ನಡುವೆ ಉಳಿದದ್ದು ಮೂರು ದಿನ.

ಅಪ್ಪನ ಎಡ ಮೊಣಕಾಲು ಮಡಚುತ್ತಿರಲಿಲ್ಲ. ಅದಕ್ಕೇ ಕ್ಲಚ್ ಇಲ್ಲದ, ತಾನೇ ಗೇರು ಬದಲಿಸುವ ಕಾರು. ನಾನು ಕಲಿತದ್ದೂ ಅದರಲ್ಲೇ, ಬೇರೆ ಗಾಡಿ ನನಗೆ ಬಾರದು. ಜನವರಿಯಿಂದ ಅದರಲ್ಲೇ ಶಹಾಬಾದಿಗೆ ಹೋಗಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಬಸ್ಸಿನಲ್ಲಾದರೆ ಗುರುತಿನವರು ಮುಖ ನೋಡಿ ಅಪ್ಪನ ಮಾತು ತೆಗೆಯುತ್ತಾರೆ. ಕಾರು ಹೋದರೆ ನಾನು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಡೈರಿಯಲ್ಲಿ ಬರೆದಿದ್ದೆ.

"ಇದಕ್ಕ ನೆನಪು ಉಳಿದಿಲ್ರಿ," ಎಂದ ಅವನು. "ನಿಮಗಾದರ ನೆನಪದ ಏನು, ಯಾವ ದಿನ ಏನೇನ ಆಗ್ಯಾದ?"

ನಾನು ಚೀಲದಿಂದ ಡೈರಿ ತೆಗೆದು ಚಾಚಿದೆ. ಅವನು ಕೈ ಮುಂದೆ ಮಾಡಿದವನು, ಹೊದಿಕೆಯ ಮೇಲಿನ 'ಕರುಣಾ ಭಗವಂತ' ಓದಿ ಕೈ ಹಿಂದೆಗೆದುಕೊಂಡ.

"ಇದು ನಾ ಓದಾದಲ್ರಿ. ನೀವ ಓದ್ರಿ. ಗಾಡಿದಷ್ಟ."

ಅವನು ಗೋಡೆಯ ಕ್ಯಾಲೆಂಡರಿನ ಮುಂದೆ ಪೆನ್ಸಿಲ್ ಹಿಡಿದು ನಿಂತ. ನಾನು ಅವನ ಬೆನ್ನಿಗೆ ಓದತೊಡಗಿದೆ. ಮುಖಕ್ಕಿಂತ ಬೆನ್ನು ಸುಲಭ.

ಜನವರಿ ಇಪ್ಪತ್ತು. ಗೇರಿನ ಹಿಡಿ ಪಿ ಇಂದ ಡಿ ಗೆ ಹಾಕಿದಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್. ಫೆಬ್ರವರಿ ಹದಿನೆಂಟು. ಮೀಟರಿನಲ್ಲಿ ಡಿ ಅಕ್ಷರ ಮಿಣುಕುತ್ತಿದೆ. ಇಂಜಿನ್ ಒದರುತ್ತದೆ, ಗಾಡಿ ನಲವತ್ತು ದಾಟುವುದಿಲ್ಲ. ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಸರಿ. ಮಾರ್ಚ್ ಇಪ್ಪತ್ತು. ಮತ್ತೆ ಅದೇ. ನಿಂತಲ್ಲಿಂದ ಹೊರಡುವಾಗಲೂ ಭಾರ, ಗೇರು ಇಳಿಯುತ್ತಿಲ್ಲ. ಇವತ್ತೂ ಅಳು ಬರಲಿಲ್ಲ.

ಕೊನೆಯದು ಗಾಡಿಯದಾಗಿರಲಿಲ್ಲ. ಓದಿನ ಓಟದಲ್ಲಿ ಬಂದುಬಿಟ್ಟಿತು.

ಅವನು ತಿರುಗಲಿಲ್ಲ. ಮಾರ್ಚ್ ಇಪ್ಪತ್ತಕ್ಕೆ ಸಣ್ಣ ಟಿಕ್ ಹಾಕಿ, ಮೊದಲಿನ ಧ್ವನಿಯಲ್ಲೇ ಕೇಳಿದ.

"ಮುಂದ?"

"ಏಪ್ರಿಲ್ ಹದಿನೆಂಟು," ಎಂದೆ. ಆ 'ಮುಂದ'ಕ್ಕೆ ನಾನು ಇವತ್ತಿಗೂ ಋಣಿ.

ಗೇರ್‌ಬಾಕ್ಸ್ ಕೆಟ್ಟಿದ್ದರೆ ದಿನಾ ಕೆಟ್ಟಿರಬೇಕಿತ್ತು, ಬಂದ್ ಮಾಡಿ ಚಾಲೂ ಮಾಡಿದರೆ ಸುಧಾರಿಸುತ್ತಿರಲಿಲ್ಲ ಎಂದು ಅವನು ವಿವರಿಸಿದ. ಇದು ತಂತಿಯ ತಕರಾರು. ಗೇರ್‌ಬಾಕ್ಸಿನ ಸುದ್ದಿ ಗಾಡಿಯೊಳಗಿನ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಸುದ್ದಿ ತಪ್ಪಿದರೆ ಅದು ಗಾಡಿಯನ್ನು ಒಂದೇ ಗೇರಿನಲ್ಲಿ ಹಿಡಿದುಬಿಡುತ್ತದೆ. ಇನ್ನಷ್ಟು ಕೆಡದಿರಲಿ, ಮೆಲ್ಲಗಾದರೂ ಮನೆ ಮುಟ್ಟಲಿ ಅಂತ. ನಾನು ಅದನ್ನು ಬರೆದುಕೊಂಡೆ.

"ನನ್ನ ಮ್ಯಾಲ ನಂಬಿಗಿ ಇಲ್ಲಂತ ಕಾಣ್ತದ," ಎಂದ. ಕಣ್ಣಿನ ಅಂಚು ಮಾತ್ರ ನಗುತ್ತಿತ್ತು. ನಾನು ತಲೆ ತಗ್ಗಿಸಿದೆ, ಪೆನ್ನು ನಿಲ್ಲಿಸಲಿಲ್ಲ.

ಬ್ಯಾಟರಿ ಎತ್ತಿದ. ಅದರ ಕೆಳಗೆ ಗೇರ್‌ಬಾಕ್ಸಿನ ತಂತಿಗಳು ಕೂಡುವ ಒಂದು ಕರಿಯ ಸಾಕೆಟ್. ಅದರ ಕಡೆಗೆ ಇರುವೆಗಳ ಸಾಲು ಹೊರಟಿತ್ತು. ಅವನು ಬಗ್ಗಿ ಆ ಸಾಲನ್ನು ನೋಡಿದ. ಆಮೇಲೆ ಸಾಕೆಟ್ ಬಿಚ್ಚಿ ಬೆರಳಿನಿಂದ ಸವರಿದ. ಒಳಗಿನ ಪಿನ್ನುಗಳು ಹಸಿರುಗಟ್ಟಿದ್ದವು, ಬೆರಳಿಗೆ ಅಂಟಂಟು.

"ಎಣ್ಣಿಗಿ ಇರುವಿ ಬರಂಗಿಲ್ರಿ. ಏನೋ ಸಿಹಿ ಬಿದ್ದದ."

ಕ್ಯಾಲೆಂಡರಿನತ್ತ ತಿರುಗಿದ. ಅವನ ನಾಲ್ಕು ಟಿಕ್ಕುಗಳೂ ಒಂದೊಂದು ಕಪ್ಪು ವೃತ್ತದ ಮಗ್ಗುಲಲ್ಲೇ ಇದ್ದವು, ಒಂದು ದಿನ, ಎರಡು ದಿನ ಆಚೆ.

"ಅಮಾಸಿಗಿ ಗಾಡಿಗಿ ಕಾಯಿ ಒಡಿತೀರೇನು?"

ನನ್ನ ಕೈಯಲ್ಲಿ ಪೆನ್ನು ನಿಂತಿತು.

ಅಪ್ಪನಿಗೆ ಇಂಥದರಲ್ಲಿ ನಂಬಿಕೆ ಇರಲಿಲ್ಲ. ಅವರಿದ್ದಾಗ ಅವ್ವ ಗಾಡಿಯ ತಂಟೆಗೇ ಬಂದವಳಲ್ಲ. ನಾನು ಒಬ್ಬಳೇ ಓಡಿಸತೊಡಗಿದ ತಿಂಗಳಿನಿಂದ ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆದು, ಬಾನೆಟ್ ಎತ್ತಿಸಿ, ಆ ನೀರನ್ನು ಇಂಜಿನ್ ಮೇಲೆ ಸುರಿಯುತ್ತಿದ್ದಳು. ಎಲ್ಲರೂ ಗಾಲಿಗೆ ಹಾಕುತ್ತಾರೆ. ಅವ್ವನಿಗೆ ಅದು ಸಾಲದು. ಒಳಗ ತಣ್ಣಗಿದ್ರ ಗಾಡಿ ಸಿಟ್ಟಿಗೇಳಂಗಿಲ್ಲ, ನನ್ನ ಕೂಸಿಗಿ ಏನೂ ಮಾಡಂಗಿಲ್ಲ ಅನ್ನುತ್ತಿದ್ದಳು. ಬಾನೆಟ್ ಎತ್ತಿ ಹಿಡಿಯುತ್ತಿದ್ದವಳು ನಾನೇ. ನಾಲ್ಕು ಸಲ ಹಿಡಿದೆ, ಒಂದೆರಡು ದಿನ ಬಿಟ್ಟು ನಾಲ್ಕು ಸಲ ಗಾಡಿಯ ದೋಷ ಬರೆದೆ, ಎರಡನ್ನೂ ಒಂದಕ್ಕೊಂದು ಹಚ್ಚಿ ನೋಡಲಿಲ್ಲ.

"ಅವ್ವಗ ಹೇಳಬ್ಯಾಡ್ರಿ," ಎಂದೆ. "ಗಂಡಗ ಉಳಿಸಿಕೊಳ್ಳಾಕ ಆಗಲಿಲ್ಲ ಅಂತ ಮೊದಲೇ... ಇದೂ ತನ್ನಿಂದ ಅಂತ ತಿಳೀಬಾರ್ದು."

ಅವನು ಈಗ ತಿರುಗಿ ನನ್ನನ್ನು ನೋಡಿದ.

"ಇಷ್ಟೊತ್ತು ಗಾಡಿದು ಮಾತಾಡಿದ್ರಿ," ಎಂದ. "ಇದು ನಿಮ್ದು ಮೊದಲನೇ ಮಾತು. ನಾ ಹ್ಯಾಂಗ ಮುರೀಲಿ?"

ಭಾನುವಾರ ಮುಂಜಾನೆ ಅವನೇ ಮನೆಗೆ ಕಾರು ತಂದ. ಹೊಸ ಸಾಕೆಟ್ ಹಾಕಿದ್ದ, ತಂತಿಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದ್ದ. ಬಾಗಿಲಲ್ಲಿ ಅವ್ವನಿಗೆ ಕೈ ಮುಗಿದು, "ಕಾಕಿ, ಸ್ವಲ್ಪ ನೀರು ಕೊಡ್ರಿ," ಎಂದ. ಅವ್ವ ಕಾಕಿಯಾದರೆ ನಾನು ಅವನಿಗೆ ತಂಗಿಯಾಗುತ್ತೇನೆ. ಅಂಥ ಲೆಕ್ಕ ಹಾಕಿದ್ದು ನನಗೇ ವಿಚಿತ್ರವೆನಿಸಿತು. ಹತ್ತು ತಿಂಗಳಲ್ಲಿ ಮೊದಲ ಸಲ ಎಲ್ಲೋ ಚುರ್ ಎಂದಿತ್ತು.

ಸುರೇಶ ಕಾಕಾ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನು ವಾಡಿ ರಸ್ತೆಗೆ ಹೋದೆ. ಹಿಂದಿನ ಸೀಟಿನಲ್ಲಿ ಅವನು. ಲಾರಿಗಳನ್ನು ದಾಟುವಾಗ ಗೇರು ಒಂದಾದ ಮೇಲೊಂದು ಸದ್ದಿಲ್ಲದೆ ಬದಲಾಯಿತು. ಎಪ್ಪತ್ತು. ಡಿ ಅಕ್ಷರ ಅಲುಗಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವನು ಮೀಟರ್ ನೋಡುತ್ತಿರಲಿಲ್ಲ.

ಕಾಕಾ ಇಳಿದು, ಗಾಡಿ ನೆಟ್ಟಗಿದ್ದರೆ ಮಾರುವುದೇಕೆ ಎಂದು ಸೇಡಂನವರಿಗೆ ಫೋನು ಮಾಡಿ ಬರುವುದು ಬೇಡವೆಂದರು. ಅವ್ವ ಮಾತ್ರ ಆಶ್ಚರ್ಯಪಡಲಿಲ್ಲ.

"ನನ್ನ ಕಾಯಿನೀರಿನ ಪುಣ್ಯ," ಎಂದಳು.

ನಾನು ಅವನತ್ತ ನೋಡಿದೆ. ಅವನು ನೀರಿನ ಲೋಟ ಕೆಳಗಿಟ್ಟ.

"ಇರಬೇಕ್ರಿ ಕಾಕಿ. ಒಳಗಿಂದು ಪೂರಾ ತಣ್ಣಗಾಗ್ಯಾದ. ಇನ್ನ ಮ್ಯಾಲ ಗಾಲಿಗಷ್ಟ ಹಾಕ್ರಿ, ಸಾಕು. ಓಡಾಡಾದು ಗಾಲಿನೇ ಅಲ್ಲ?"

ಅವ್ವ ಯೋಚಿಸಿ, ಆ ಮಾತು ಖರೇ ಎಂದಳು.

ಆಮೇಲೆ ಮೂರು ವಾರ. ಗಾಡಿಗೆ ಏನೂ ಆಗಲಿಲ್ಲ. ಡೈರಿಯಲ್ಲಿ ದಿನಾ ಅದನ್ನೇ ಬರೆದೆ, ಕಾರಿಗೆ ಏನೂ ಆಗಿಲ್ಲ, ಕಾರಿಗೆ ಏನೂ ಆಗಿಲ್ಲ. ವಾಡಿ ಗೇಟು ಹಾಕಿದ್ದಾಗ ಗ್ಯಾರೇಜಿನತ್ತ ನೋಡಬಾರದೆಂದು ಮುಂದಿನ ಲಾರಿಯ ನಂಬರು ಓದುತ್ತಿದ್ದೆ. ಅಲ್ಲಿ ಗಾಡಿ ನಿಲ್ಲಿಸಲು ಒಂದು ದೋಷವಾದರೂ ಬೇಕಿತ್ತು, ಅವನು ಉಳಿಸಿರಲಿಲ್ಲ.

ಮೇ ಹದಿನಾರು ಅಮಾವಾಸ್ಯೆ. ಅವ್ವ ಗಾಲಿಯ ಮುಂದೆ ಕಾಯಿ ಒಡೆಯುವ ಹೊತ್ತಿಗೆ ಅವನು ಬಂದ. ನಾಲವಾರದಿಂದ ವಾಡಿಗೆ ಬಂದವನು ಗ್ಯಾರೇಜಿಗೆ ಹೋಗದೆ ನಮ್ಮೂರಿನ ರೈಲು ಹತ್ತಿದನಂತೆ. ಗಾಡಿ ಒಮ್ಮೆ ನೋಡಿ ಹೋಗೋಣ ಅಂತ ಎಂದ. ಕೈಯಲ್ಲಿ ಸ್ಕ್ಯಾನರ್ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಇತ್ತು.

ಅವ್ವ ಅವನ ಕೈಗೆ ಕಾಯಿಯ ಹೋಳು ಕೊಟ್ಟಳು.

"ಭಾಳ ಆಯ್ತು ಅತ್ತಿ," ಎಂದ ಅವನು.

ಅವ್ವ ನಿಂತಳು. "ಹೋದ ಸಲ ಕಾಕಿ ಅಂದಿದ್ದಿ ಅಲ್ಲ ತಮ್ಮಾ?"

ಅವನು ಚೊಕ್ಕ ಕೈಯನ್ನೇ ಕರ್ಚೀಫಿಗೆ ಎರಡು ಸಲ ಒರೆಸಿಕೊಂಡ. ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು.

ಏನಾದರೂ ಹೇಳಬೇಕಿತ್ತು. ನಾನು ಒಳಗೆ ಹೋಗಿ ಡೈರಿ ತಂದು, ಆ ದಿನದ ಪುಟ ತೆರೆದು ಬಾನೆಟ್ಟಿನ ಮೇಲೆ ಇಟ್ಟೆ.

"ಗಾಡಿದು ಏನರೀ?" ಎಂದ, ಮುಟ್ಟದೆ.

"ಇದು ನೀವ ಓದ್ರಿ," ಎಂದೆ.

ಅವನು ಬಗ್ಗಿ ಓದಿದ. ಒಂದೇ ಸಾಲು. ಕಾರಿಗೆ ಏನೂ ಆಗಿಲ್ಲ, ಆದರೂ ಅವರು ಬರಲಿ ಎಂದು ಮುಂಜಾನೆಯಿಂದ ಬಾಗಿಲಲ್ಲಿ ನಿಂತಿದ್ದೇನೆ. ಓದಿ ಮುಗಿಯಲು ಅಷ್ಟು ಹೊತ್ತು ಬೇಕಿರಲಿಲ್ಲ, ಅವನು ತೆಗೆದುಕೊಂಡ. ಆಮೇಲೆ ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದು, ಕ್ಯಾಲೆಂಡರಿಗೆ ಹಾಕಿದ್ದಂಥದೇ ಸಣ್ಣ ಟಿಕ್ ಒಂದನ್ನು ತಾರೀಖಿನ ಮಗ್ಗುಲಲ್ಲಿ ಹಾಕಿದ.

"ಮುಂದ?" ಎಂದ.

ನಾನು ಕೆನ್ನೆ ಮುಟ್ಟಿಕೊಂಡೆ. ಒದ್ದೆಯಾಗಿತ್ತು. ಬೆಚ್ಚಗಿತ್ತು.