ಭಿನ್ನರಾಶಿಯ ಪಾಠ

ಮೈದುನ ತನ್ನ ಶ್ರಮ ಕದ್ದನೆಂಬುದು ಗಣಿತದ ಟೀಚರಿಗೆ ಗೊತ್ತಾದದ್ದು ಊಟದ ಮೇಜಿನ ಮುಂದೆ. ಸರ್ಕಾರ ಎಲ್ಲ ಶಾಲೆಗಳಿಗೂ ಒಂದೇ ಬಗೆಯ ಕಂಪ್ಯೂಟರನ್ನು ಆರಿಸಿತ್ತು. ಅದರ ಜೊತೆ ಹೋಗುವ ಭಿನ್ನರಾಶಿಯ ಪಾಠ, ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿರುವ ತನ್ನ ತಮ್ಮನದೇ ಎಂದು ಗಂಡ ಬೀಗುತ್ತ ಹೇಳಿದ. ಆ ಪಾಠ ಅವಳದು. ಮನೆಯ ಟೀವಿಗೆ ಪುಟ್ಟ ಕಂಪ್ಯೂಟರ್ ಜೋಡಿಸಿಕೊಂಡು, ಇಡೀ ಬೇಸಿಗೆ ರಜೆ ಕಣ್ಣು ಕೆಂಪು ಮಾಡಿಕೊಂಡು, ಸಂಖ್ಯೆ ಹಾಕಿದ ಸಾಲುಗಳಲ್ಲಿ ಪ್ರೋಗ್ರಾಂ ಬರೆದು, ಟೇಪಿನ ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟದ್ದು. ಪರದೆಯ ಮೇಲಿನ ಹೆಸರು ಬದಲಿಸುವುದನ್ನೂ ಮೈದುನ ಅವಳಿಂದಲೇ ಕಲಿತಿದ್ದ, ತನ್ನ ಮಗಳ ಹುಟ್ಟುಹಬ್ಬಕ್ಕೆ ಬೇಕು ಎಂದು.

ಕೇಳಿದರೆ ನಕ್ಕುಬಿಟ್ಟ. "ಮನೇದೇ ತಾನೇ ಅತ್ತಿಗೆ? ನಿಮ್ಮ ಹೆಸರಾದ್ರೇನು, ನನ್ನ ಹೆಸರಾದ್ರೇನು?"

ಗಂಡ ಊಟ ಮುಂದುವರಿಸಿದ. ಅವಳು ಎದ್ದು ಪಾತ್ರೆ ತೊಳೆದಳು.

ಕಂಪ್ಯೂಟರುಗಳ ಉದ್ಘಾಟನೆ ಅವಳ ಶಾಲೆಯಲ್ಲೇ ನಿಗದಿಯಾಯಿತು. ಶಿಕ್ಷಣ ಮಂತ್ರಿ ಬರುವವರಿದ್ದರು. ಅಂದು ಬೆಳಿಗ್ಗೆ, ಅದೇ ಮನೆಯಲ್ಲಿದ್ದ ಮೈದುನ ಸ್ನಾನಕ್ಕೆ ಹೋದಾಗ ಅವಳು ಅವನ ಚೀಲದಿಂದ ಕ್ಯಾಸೆಟ್ ತೆಗೆದು ತನ್ನ ಕಂಪ್ಯೂಟರಿಗೆ ಹಾಕಿದಳು. ಪಾಠವನ್ನೇ ಅಳಿಸಿಹಾಕುವುದು ಮೂರ್ಖರ ಕೆಲಸ. ಕ್ಯಾಸೆಟ್ ಕೆಟ್ಟಿತೆಂದು ಅವನು ಜಾರಿಕೊಳ್ಳುತ್ತಿದ್ದ. ಅವಳು ಬೇರೆ ಬೇರೆ ಛೇದಗಳಿಗೆಂದು ಬರೆದ ಒಂದೇ ಒಂದು ಸಾಲಿನಲ್ಲಿ ಕೂಡುವ ಚಿಹ್ನೆ ತೆಗೆದು ಕಳೆಯುವ ಚಿಹ್ನೆ ಇಟ್ಟಳು. ಛೇದಗಳು ಒಂದೇ ಆಗಿದ್ದರೆ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ಬೇರೆ ಬೇರೆಯಾದರೆ ಸರಿಯುತ್ತರಕ್ಕೂ 'ತಪ್ಪು' ಎನ್ನುತ್ತದೆ. ಮೈಗಳ್ಳ ಮೈದುನ ಪರೀಕ್ಷಿಸಿ ನೋಡುವುದು ಅರ್ಧಕ್ಕೆ ಅರ್ಧ ಕೂಡಿ ಮಾತ್ರ. ಸ್ನಾನದ ಮನೆಯ ನಲ್ಲಿ ನಿಲ್ಲುವ ಮೊದಲೇ ಕ್ಯಾಸೆಟ್ ಚೀಲ ಸೇರಿತ್ತು.

ಎಲ್ಲ ಎಣಿಸಿದಂತೆಯೇ ಆಯಿತು. ಏಳನೇ ತರಗತಿಯ ಹುಡುಗಿಯೊಬ್ಬಳು ಅರ್ಧಕ್ಕೆ ಮೂರನೇ ಒಂದು ಕೂಡಿ, ಆರನೇ ಐದು ಎಂದು ಒತ್ತಿದಳು. ತಪ್ಪು, ಎಂದಿತು ಪರದೆ. ಇನ್ನೊಮ್ಮೆ ಒತ್ತಿದಳು. ತಪ್ಪು. ಮಂತ್ರಿಗಳು ಹುಬ್ಬೇರಿಸಿ, ಬರೆದವರೇ ಸರಿಮಾಡಲಿ ಎಂದರು. ಮೈದುನ ಕೀಬೋರ್ಡಿನ ಮುಂದೆ ಕೂತು, ಗುರುತೇ ಇಲ್ಲದ ಊರಿಗೆ ಬಂದಿಳಿದವನಂತೆ ಅಕ್ಷರಗಳನ್ನು ನೋಡಿದ. ಬೆವರು ಕಾಲರಿಗಿಳಿಯಿತು. ಟೀಚರ್ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ನಿಧಾನವಾಗಿ ಮುಂದೆ ಬಂದು, ಪಾಠ ನಿಲ್ಲಿಸಿ, ಸಾಲಿನ ಸಂಖ್ಯೆ ಒತ್ತಿ, ಆ ಸಾಲನ್ನು ಹೊಸದಾಗಿ ಬರೆದಳು. ಹುಡುಗಿ ಮತ್ತೆ ಉತ್ತರ ಒತ್ತಿದಳು. ಸರಿ, ಎಂದಿತು ಪರದೆ. ಚಪ್ಪಾಳೆ ಬಿತ್ತು.

"ಇದನ್ನ ಬರೆದವಳು ನಾನು ಸಾರ್," ಎಂದಳು ಅವಳು. "ಇವರು ಹೆಸರು ಮಾತ್ರ ಹಾಕಿಕೊಂಡರು."

ಮೈದುನ ತಲೆ ತಗ್ಗಿಸಿದ. ಮಂತ್ರಿಗಳು ಅವಳ ಕಡೆಗೆ ಕೈಮುಗಿಯುವುದರಲ್ಲಿದ್ದರು. ಅಷ್ಟರಲ್ಲಿ ಯಂತ್ರ ಜೋಡಿಸಲು ಕಂಪನಿಯಿಂದ ಬಂದಿದ್ದ ಇಂಜಿನಿಯರ್ ಹುಡುಗಿ, ಕಲಿಯುವ ಆಸೆಯಿಂದಲೇ, ಮೆಲ್ಲಗೆ ಕೇಳಿದಳು: "ಮೇಡಂ, ಆ ಲೆಕ್ಕಕ್ಕೆ ಇಪ್ಪತ್ತು ಮೂವತ್ತು ಸಾಲುಗಳಿರಬೇಕು. ನೀವು ಒಂದನ್ನೂ ಪರದೆ ಮೇಲೆ ತರಿಸಿ ನೋಡಲೇ ಇಲ್ಲವಲ್ಲ. ಕೆಟ್ಟಿರೋದು ಅದೇ ಸಾಲು ಅಂತ ಹೇಗೆ ಗೊತ್ತಾಯ್ತು?" ತಾನು ಬರೆದದ್ದೆಲ್ಲ ತನಗೆ ಬಾಯಿಪಾಠ ಎನ್ನಲು ಅವಳು ಬಾಯಿ ತೆರೆದಳು. ಆದರೆ ತಾನು ಬರೆದಾಗ ಆ ಸಾಲು ಸರಿಯಾಗಿಯೇ ಇತ್ತು; ಅದು ಕೆಟ್ಟದ್ದು ಕೆಡಿಸಿದವರಿಗಷ್ಟೇ ಗೊತ್ತು. ಮೈದುನ ನಿಧಾನವಾಗಿ ತಲೆ ಎತ್ತಿ ಅವಳನ್ನೇ ನೋಡಿದ.